ಎಡ ಮಿದುಳಿನವರು, ಬಲ ಮಿದುಳಿನವರು ಅಂತ ಇದ್ದಾರಾ?

ಒಬ್ಬ ರೋಗಿ ಪರದೆಯ ನಡುವಿನ ಚುಕ್ಕೆಯನ್ನೇ ದಿಟ್ಟಿಸಿ ಕೂತಿದ್ದಾನೆ. ಚುಕ್ಕೆಯ ಬಲಕ್ಕೆ ಕೋಳಿಯ ಕಾಲು, ಎಡಕ್ಕೆ ಹಿಮ ಬಿದ್ದ ಮನೆ, ಎರಡೂ ಹೀಗೆ ಮಿಂಚಿ ಹಾಗೆ ಮಾಯವಾಗುತ್ತವೆ. ಇದಕ್ಕೆ ಹೊಂದುವ ಚಿತ್ರ ಆರಿಸು ಅಂದರೆ, ಅವನ ಬಲಗೈ ಕೋಳಿಯನ್ನು ತೋರಿಸುತ್ತದೆ, ಎಡಗೈ ಸಲಿಕೆಯನ್ನು. ಸಲಿಕೆ ಯಾಕಪ್ಪಾ ಅಂತ ಕೇಳಿದರೆ, ಕೋಳಿಗೂಡು ಚೊಕ್ಕ ಮಾಡೋಕೆ ಅಂತ ತಡವರಿಸದೆ ಹೇಳುತ್ತಾನೆ.

ಅವನು ಸುಳ್ಳು ಹೇಳುತ್ತಿಲ್ಲ. ತೀವ್ರ ಅಪಸ್ಮಾರಕ್ಕೆ ಚಿಕಿತ್ಸೆಯಾಗಿ, ಮಿದುಳಿನ ಎರಡು ಅರ್ಧಗಳನ್ನು ಬೆಸೆಯುವ ನರತಂತುಗಳ ಕಟ್ಟನ್ನು ಅವನಿಗೆ ಕತ್ತರಿಸಿದ್ದರು. ಅದರಲ್ಲಿ ಸುಮಾರು 20 ಕೋಟಿ ತಂತುಗಳಿರುತ್ತವೆ. ಚುಕ್ಕೆಯ ಎಡಕ್ಕಿದ್ದ ಹಿಮ ಬಲ ಮಿದುಳಿಗೆ ಮಾತ್ರ ತಲುಪಿತ್ತು. ಎಡಗೈ ನಡೆಸುವುದೂ ಅದೇ, ಹಾಗಾಗಿ ಹಿಮ ಗೋರುವ ಸಲಿಕೆಯನ್ನು ಆರಿಸಿತು. ಆದರೆ ಮಾತಾಡುವುದು ಎಡ ಮಿದುಳು. ಹಿಮವನ್ನೇ ಕಾಣದ ಅದು, ಸಲಿಕೆಗೆ ತನಗೆ ತೋಚಿದ ಕಾರಣ ಕಟ್ಟಿತು! ಅಮೆರಿಕದ ನರವಿಜ್ಞಾನಿ ಮೈಕೆಲ್ ಗಜಾನಿಗಾ ತಂಡದ ಈ ಪ್ರಯೋಗವನ್ನು ಎಷ್ಟು ಸಲ ಓದಿದರೂ ನನಗೆ ಮೈ ಜುಮ್ಮೆನ್ನುತ್ತದೆ. ಅವರ ಗುರು ರಾಜರ್ ಸ್ಪೆರಿಗೆ ಇಂಥ ಸಂಶೋಧನೆಗಾಗಿ 1981ರಲ್ಲಿ ನೊಬೆಲ್ ಬಂತು.

ಹಾಗಾಗಿ ಕೆಲಸದ ಹಂಚಿಕೆ ಇರುವುದು ನಿಜ. ದೊಡ್ಡ ಅಕ್ಷರವೊಂದನ್ನು ಚಿಕ್ಕ ಚಿಕ್ಕ ಬೇರೆ ಅಕ್ಷರಗಳಿಂದಲೇ ಜೋಡಿಸಿ ತೋರಿಸಿ, ಆಮೇಲೆ ನೆನಪಿನಿಂದ ಬರೆಯಲು ಹೇಳಿ. ಬಲ ಮಿದುಳಿಗೆ ಪೆಟ್ಟಾದವರು ಚಿಕ್ಕ ಅಕ್ಷರಗಳನ್ನು ಚೆಲ್ಲಾಪಿಲ್ಲಿ ಬರೆಯುತ್ತಾರೆ, ದೊಡ್ಡ ಆಕಾರ ಕಳೆದುಹೋಗಿರುತ್ತದೆ. ಎಡಕ್ಕೆ ಪೆಟ್ಟಾದವರು ದೊಡ್ಡ ಆಕಾರವನ್ನಷ್ಟೇ ಬರೆಯುತ್ತಾರೆ.

ಇಲ್ಲಿಂದಲೇ ಜನ ಒಂದು ಹೆಜ್ಜೆ ಜಾಸ್ತಿ ಹಾಕಿಬಿಟ್ಟರು. ಲೆಕ್ಕದವರದ್ದು ಎಡ ಮಿದುಳು, ಚಿತ್ರ ಬರೆಯುವವರದ್ದು ಬಲ ಅಂದರು. 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 1,011 ಜನರ ಮಿದುಳಿನ ಸ್ಕ್ಯಾನ್ ನೋಡಿದರು. ಒಟ್ಟಾಗಿ ಕೆಲಸ ಮಾಡುವ ಮಿದುಳಿನ ಭಾಗಗಳ ಕೆಲವು ಜಾಲಗಳು ಎಡಕ್ಕೆ ವಾಲಿದ್ದವು, ಕೆಲವು ಬಲಕ್ಕೆ. ಆದರೆ ಇಡೀ ಮಿದುಳೇ ಒಂದು ಕಡೆಗೆ ವಾಲಿದ ಮನುಷ್ಯರು ಸಿಗಲಿಲ್ಲ.

ಯೋಚಿಸುವ ರೀತಿ ಒಬ್ಬೊಬ್ಬರದು ಒಂದೊಂದು ಥರ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಕೆಲವರಿಗೆ ಮೊದಲು ಒಟ್ಟು ನೋಟ ಬೇಕು, ಕೆಲವರಿಗೆ ಬಿಡಿ ವಿವರ. ಅದಕ್ಕೆ ಎಡ, ಬಲ ಅಂತ ಚೀಟಿ ಅಂಟಿಸುವುದು ತಪ್ಪು. ಮಗುವಿಗೆ 'ನಿನ್ನದು ಬಲ ಮಿದುಳು, ಲೆಕ್ಕ ಬರಲ್ಲ' ಅಂದುಬಿಟ್ಟರೆ ಅದು ಪ್ರಯತ್ನವನ್ನೇ ಬಿಟ್ಟೀತು ಅನ್ನುವುದು ನನ್ನ ಸಂಕಟ.

'ಬಾ' ಅನ್ನುವ ಒಂದಕ್ಷರವನ್ನೇ ತಗೊಳ್ಳಿ. ಹೆಚ್ಚಿನವರಲ್ಲಿ ಅದರ ಅರ್ಥ ಹಿಡಿಯುವುದು ಮುಖ್ಯವಾಗಿ ಎಡ ಮಿದುಳು. ಕರೆದವರ ದನಿಯಲ್ಲಿ ಇರುವುದು ಮುದ್ದೋ ಸಿಟ್ಟೋ ಅಂತ ಗುರುತಿಸುವುದರಲ್ಲಿ ಬಲ ಮಿದುಳಿನ ಪಾಲು ದೊಡ್ಡದು. ಹತ್ತಿರ ಹೋಗಬೇಕೋ ಓಡಬೇಕೋ ಅಂತ ತಿಳಿಯೋಕೆ ಎರಡೂ ಬೇಕಲ್ವಾ?