ಜೇಡ್‌ಗೆ ಒಣ ಸ್ಯಾಂಡಿಂಗ್: ಯಾವಾಗ, ಎಷ್ಟು, ಹೇಗೆ

ನೆಫ್ರೈಟ್ ಜೇಡ್‌ಗೆ ಸಾಣೆ ಹಿಡಿಯಲು ಕಲಿಯುವವರನ್ನು ಹೆಚ್ಚು ಕಾಡುವುದು ಕಿತ್ತಳೆ ಸಿಪ್ಪೆಯಂಥ ಮೇಲ್ಮೈ. ಗೀರು ಒಂದೂ ಇರುವುದಿಲ್ಲ, ಆದರೂ ಕಲ್ಲಿನಲ್ಲಿ ಬಿದ್ದ ದೀಪದ ಬಿಂಬ ಸಣ್ಣ ಸಣ್ಣ ತಗ್ಗುಗಳಲ್ಲಿ ಒಡೆದುಹೋಗಿರುತ್ತದೆ. ಕಾರಣ ಕಲ್ಲಿನ ಒಳಗೇ ಇದೆ. ನೆಫ್ರೈಟ್ ಎಂದರೆ ಟ್ರೆಮೊಲೈಟ್, ಆಕ್ಟಿನೊಲೈಟ್ ಖನಿಜಗಳ ಅತಿ ಸಣ್ಣ ನಾರುಗಳು ಒಂದಕ್ಕೊಂದು ಹೆಣೆದುಕೊಂಡು ಆದ ಕಲ್ಲು. ಗಡಸುತನ 1ರಿಂದ 10ರವರೆಗಿನ ಮೋಸ್ ಮಾಪಕದಲ್ಲಿ 6ರಿಂದ 6.5 ಮಾತ್ರ, ಹೆಣಿಗೆ ಇರುವುದರಿಂದ ಒಡೆಯುವುದು ಮಾತ್ರ ಬಲು ಕಷ್ಟ. ಮಲಗಿದ ನಾರಿನ ಕಟ್ಟು ಒಂದು ಬಗೆಯಲ್ಲಿ ಸವೆದರೆ ನೆಟ್ಟಗೆ ನಿಂತ ಕಟ್ಟು ಇನ್ನೊಂದು ಬಗೆಯಲ್ಲಿ ಸವೆಯುತ್ತದೆ. ಚೂಪಾದ ಹೊಸ ಗ್ರಿಟ್ (ಉಜ್ಜುವ ಕಾಗದ, ಬಟ್ಟೆಯ ಮೇಲಿನ ಒರಟು ಕಣ) ನಾರನ್ನು ಕಿತ್ತು ತೆಗೆಯುತ್ತದೆ. ಮೊನೆ ಸವೆದ ಗ್ರಿಟ್ ನೀರಿಲ್ಲದೆ, ಸ್ವಲ್ಪ ಬಿಸಿಯೊಂದಿಗೆ ಉಜ್ಜಿದಾಗ ಕೀಳುವುದು ನಿಂತು ಉಬ್ಬು ತಗ್ಗು ಒಂದೇ ಮಟ್ಟಕ್ಕೆ ಬರುತ್ತವೆ. ಒಣ ಸ್ಯಾಂಡಿಂಗ್ ಇಷ್ಟಕ್ಕೇ. ಆಕಾರ ಕೊಡುವುದು, ಗೀರು ತೆಗೆಯುವುದು ಅದರ ಕೆಲಸವಲ್ಲ.

ಹಾಗಾಗಿ 220, 400, 600 ಗ್ರಿಟ್‌ಗಳನ್ನು (ಅಂಕಿ ಏರಿದಷ್ಟೂ ಕಣ ಸಣ್ಣದು) ನೀರಿನಲ್ಲೇ ಪೂರ್ತಿ ಮುಗಿಸಿಕೊಳ್ಳಿ. ಒದ್ದೆ ಕಲ್ಲನ್ನು ನೋಡಿ ತೀರ್ಮಾನಿಸಬೇಡಿ: ನೀರು ಗೀರನ್ನು ತುಂಬಿ ಮುಚ್ಚಿಬಿಡುತ್ತದೆ. ಒರೆಸಿ, ಪೂರ್ತಿ ಒಣಗಿಸಿ, ಓರೆ ಬೆಳಕಿನಲ್ಲಿ 10 ಪಟ್ಟು ದೊಡ್ಡದು ಮಾಡುವ ಲೂಪ್‌ನಿಂದ ನೋಡಿ. ಗುಮ್ಮಟದಂತೆ ಉಬ್ಬಿದ ಕಲ್ಲಿನ ನೆತ್ತಿಗಿಂತ ಅಂಚಿನ ಸುತ್ತಲೂ ಗೀರು ಉಳಿದಿರುವುದೇ ಹೆಚ್ಚು. ಅಂಗಡಿಯಲ್ಲಿ ಕಾಗದ ಕೊಳ್ಳುವಾಗ ಹಿಂಬದಿಯ ಅಂಕಿಯನ್ನೂ ಗಮನಿಸಿ. ‘ಪಿ’ ಅಕ್ಷರವಿರುವ 1200ರ ಕಾಗದ ಅಮೆರಿಕದ ಮಾಪನದ 600ಕ್ಕೆ ಹೆಚ್ಚುಕಡಿಮೆ ಸಮ, ಎರಡರಲ್ಲೂ ಕಣದ ಗಾತ್ರ 15-16 ಮೈಕ್ರಾನ್. ಪಿ 600 ಅದಕ್ಕಿಂತ ಒರಟು. ಇದು ತಿಳಿಯದೆ ಪಿ 600ಕ್ಕೇ ನಿಲ್ಲಿಸಿದರೆ ಮುಂದಿನ ಯಾವ ಪಾಲಿಶ್ ಪುಡಿಯೂ ಕೈಹಿಡಿಯುವುದಿಲ್ಲ.

ಒಣ ಸ್ಯಾಂಡಿಂಗ್‌ಗೆ ಬೇಕಾದದ್ದು ಚೆನ್ನಾಗಿ ಸವೆದ 600ರ ಸಿಲಿಕಾನ್ ಕಾರ್ಬೈಡ್ ಬಟ್ಟೆ. ಹಳೆಯದು ಇಲ್ಲವಾದರೆ ಹೊಸದರ ಮೇಲೆ ಅಗೇಟ್ ಎಂಬ ಗಟ್ಟಿ ಕಲ್ಲಿನ ಚೂರೊಂದನ್ನು ನೀರು ಹಾಕಿ, ಕರಕರ ಸದ್ದು ನಿಂತು ಜಾರುವಂತಾಗುವ ತನಕ ಉಜ್ಜಿ, ತೊಳೆದು, ಒಂದು ರಾತ್ರಿ ಒಣಗಿಸಿ. ಬಟ್ಟೆಯ ತಳಕ್ಕೆ ಚರ್ಮ ಅಥವಾ ಗಟ್ಟಿ ರಬ್ಬರ್ ಇರಲಿ. ಮೆತ್ತನೆಯ ಸ್ಪಂಜಿನ ತಳ ಮೃದು ಭಾಗಗಳ ಒಳಕ್ಕೆ ಇಳಿದು ತಗ್ಗನ್ನು ಇನ್ನಷ್ಟು ತೋಡುತ್ತದೆ. 15 ಸೆಂ.ಮೀ. ಡಿಸ್ಕ್ ಆದರೆ ನಿಮಿಷಕ್ಕೆ 800ರಿಂದ 1000 ಸುತ್ತು ಸಾಕು.

ಕಲ್ಲನ್ನು ಗಟ್ಟಿಯಾಗಿ ಒತ್ತಿ, ಬೆರಳಿನಲ್ಲಿ ತಿರುಗಿಸುತ್ತಲೇ 3ರಿಂದ 5 ಸೆಕೆಂಡು ಹಿಡಿದು ಎತ್ತಿ. ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಿ. ಬೆಚ್ಚಗಿದ್ದರೆ ಸರಿ, ಚುರುಕ್ ಎಂದರೆ ಆಗಲೇ ಮಿತಿ ಮೀರಿದೆ. ತಾನಾಗಿ ಆರಲು ಬಿಡಿ. ಬಿಸಿ ಕಲ್ಲನ್ನು ತಣ್ಣೀರಿಗೆ ಹಾಕಿದರೆ ಬಿರುಕು ಬಿಡಬಹುದು. ನಾಲ್ಕೈದು ಸಲ ಹೀಗೆ ಮಾಡುವಷ್ಟರಲ್ಲಿ ಬೂದು ಬಣ್ಣದ ಮಂಕು ಹೋಗಿ ಮೇಣ ಸವರಿದಂಥ ಮಿನುಗು, ಮೊದಲು ನೆತ್ತಿಯಲ್ಲಿ, ಆಮೇಲೆ ಅಂಚಿನ ಕಡೆಗೆ ಹರಡುತ್ತಾ ಬರುತ್ತದೆ. ಅದು ಅಂಚು ಮುಟ್ಟಿದ ಕೂಡಲೇ ನಿಲ್ಲಿಸಿ. ನಂತರ ಚರ್ಮದ ಮೇಲೆ ಕ್ರೋಮಿಯಂ ಆಕ್ಸೈಡಿನ ಹಸಿರು ಪುಡಿಯನ್ನು ತೆಳುವಾಗಿ ಕಲಸಿ ಹಚ್ಚಿ, ಚರ್ಮ ಒಣಗುತ್ತಾ ಕಲ್ಲನ್ನು ಎಳೆಯಲು ಶುರುಮಾಡುವ ಹಂತದಲ್ಲಿ ಒತ್ತಿ ಹಿಡಿಯಿರಿ. ಹೊಳಪು ಏರುವುದು ಆ ಎಳೆತದಲ್ಲೇ.

ಕಲ್ಲನ್ನು ಅರಗಿನಿಂದ ಡಾಪ್ ಕಡ್ಡಿಗೆ (ಕಲ್ಲು ಹಿಡಿಯಲು ಬಳಸುವ ಹಿಡಿಕೆ) ಅಂಟಿಸಿದ್ದರೆ ಶಾಖಕ್ಕೆ ಅರಗು ಮೆತ್ತಗಾಗಿ ಕಲ್ಲು ಜಾರುತ್ತದೆ, ಕೆಲವೊಮ್ಮೆ ಸಿಡಿದು ಹಾರುತ್ತದೆ. ರಕ್ಷಣಾ ಕನ್ನಡಕ ಹಾಕಿಯೇ ಕೆಲಸ ಮಾಡಿ. ಕಲ್ಲಿನ ಮೇಲೆ ಕಂದು ಪಟ್ಟೆ ಕಂಡರೆ ಅದು ಬಹುಮಟ್ಟಿಗೆ ಕಲ್ಲು ಸುಟ್ಟದ್ದಲ್ಲ, ಬಟ್ಟೆಯ ಅಂಟು ಕರಗಿ ಮೆತ್ತಿಕೊಂಡದ್ದು. ಒತ್ತಡ ತಗ್ಗಿಸಿ, ನೀರಿನಲ್ಲಿ 600ಕ್ಕೆ ಹಿಂತಿರುಗಿ. ಒಂದೇ ಒಂದು ಆಳದ ಗೀರು ಇದ್ದಕ್ಕಿದ್ದಂತೆ ಬಿದ್ದರೆ ಒರಟು ಗ್ರಿಟ್ಟಿನ ಕಣ ಎಲ್ಲಿಂದಲೋ ಬಂದು ಸೇರಿದೆ. ಪ್ರತಿ ಗ್ರಿಟ್ಟಿನ ಬಟ್ಟೆಯನ್ನೂ ಬೇರೆ ಬೇರೆ ಚೀಲದಲ್ಲಿಡಿ.

ಧೂಳಿನ ವಿಚಾರದಲ್ಲಿ ರಾಜಿಯೇ ಇಲ್ಲ. ಬಟ್ಟೆ ಸವೆಸಲು ಬಳಸಿದ ಅಗೇಟ್ ಬಹುಪಾಲು ಸಿಲಿಕಾ. ಗುಜರಾತಿನ ಖಂಭಾತದಲ್ಲಿ ಅಗೇಟ್ ಉಜ್ಜುವ ಎಷ್ಟೋ ಕುಶಲಕರ್ಮಿಗಳ ಶ್ವಾಸಕೋಶವನ್ನು ಸಿಲಿಕಾ ಧೂಳಿನಿಂದ ಬರುವ ಸಿಲಿಕೋಸಿಸ್ ರೋಗ ತಿಂದುಹಾಕಿದೆ. ಆ ಹಾನಿ ವಾಸಿಯಾಗುವಂಥದ್ದಲ್ಲ. ನೆಫ್ರೈಟ್‌ನಲ್ಲಿರುವ ಟ್ರೆಮೊಲೈಟ್ ಬೇರೆ ರೂಪದಲ್ಲಿ, ಶ್ವಾಸಕೋಶಕ್ಕೆ ಮಾರಕವಾದ ಆಸ್ಬೆಸ್ಟಾಸಿನ ಒಂದು ಬಗೆ. ಆದ್ದರಿಂದ ಡಿಸ್ಕಿನ ಹಿಂದೆಯೇ, ಸೂಕ್ಷ್ಮ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ವ್ಯಾಕ್ಯೂಮ್ ಬಾಯಿ, ಮುಖಕ್ಕೆ ಬಿಗಿಯಾಗಿ ಕೂರುವ ಪಿ 100 ದರ್ಜೆಯ ಧೂಳು ತಡೆಯುವ ರೆಸ್ಪಿರೇಟರ್, ಎರಡೂ ಇರಲೇಬೇಕು. ಕರವಸ್ತ್ರ, ಬಟ್ಟೆಯ ಮಾಸ್ಕ್ ಈ ಸೂಕ್ಷ್ಮ ಕಣವನ್ನು ತಡೆಯುವುದಿಲ್ಲ. ಮುಗಿದ ಮೇಲೆ ಪೊರಕೆ ಮುಟ್ಟದೆ ಒದ್ದೆ ಬಟ್ಟೆಯಿಂದ ಒರೆಸಿ. ಇವಿಲ್ಲವೆಂದರೆ ಒಣ ಸ್ಯಾಂಡಿಂಗ್ ಬಿಟ್ಟು, ನೀರಿನಲ್ಲಿ 1200, 3000 ಡೈಮಂಡ್ ಡಿಸ್ಕ್‌ಗಳ ದಾರಿ ಹಿಡಿಯಿರಿ; ಸಮಯ ಹೆಚ್ಚು ಹೋದರೂ ಜೇಡ್‌ಗೆ ಒಳ್ಳೆಯ ಹೊಳಪು ಬರುತ್ತದೆ.

ಎಲ್ಲ ಕಲ್ಲಿಗೂ ಇದು ಒಗ್ಗುವುದಿಲ್ಲ. ಓಪಲ್ ಒಳಗೆ ನೀರಿನಂಶವಿದ್ದು ಶಾಖಕ್ಕೆ ಬಿರಿಯುತ್ತದೆ. ಮ್ಯಾಲಕೈಟ್ ಧೂಳಿನಲ್ಲಿ ತಾಮ್ರವಿದೆ, ಉಸಿರಾಡಿದರೆ ಹಾನಿ. ಮೈಸೂರು ಸೀಮೆಯ ಹಸಿರು ಫುಕ್ಸೈಟ್‌ನೊಳಗೆ ಕೆಂಪಾಗಿ ಕೂತ ಮಾಣಿಕ್ಯದ ಕಲ್ಲಂತೂ ಒಣ ಸ್ಯಾಂಡಿಂಗ್‌ಗೆ ತೀರಾ ತಪ್ಪು ಆಯ್ಕೆ: ಮಾಣಿಕ್ಯದ ಗಡಸುತನ 9, ಫುಕ್ಸೈಟ್‌ನದು 3ನ್ನೂ ದಾಟದು. ಸವೆದ ಬಟ್ಟೆ ಮಾಣಿಕ್ಯದ ಮೇಲೆ ಸುಮ್ಮನೆ ಜಾರಿ ಸುತ್ತಲಿನ ಹಸಿರನ್ನಷ್ಟೇ ತಿನ್ನುತ್ತದೆ, ಕೆಂಪು ಗುಬಟಿನಂತೆ ಎದ್ದು ನಿಲ್ಲುತ್ತದೆ. ಅದಕ್ಕೆ ಮೊದಲಿನಿಂದ ಕೊನೆಯವರೆಗೂ ಗಟ್ಟಿ ತಳದ ಡೈಮಂಡ್ ಡಿಸ್ಕ್, ನೀರು, ಹಗುರ ಕೈ.