ನಿಂಗೆ ಎಷ್ಟು ಅಗಲ ಬರುತ್ತೆ ಅಂತ ಟರ್ಮಿನಲ್‌ನೇ ಕೇಳಿ

ತುಮಕೂರಿನ ಅಂತರಸನಹಳ್ಳಿ ಕಡೆ ಒಂದು ಕಾರ್ಖಾನೆಯಲ್ಲಿ ಕೆಲವು ವರ್ಷ ಎಎಸ್/400 ಅನ್ನೋ, ಕಂಪನಿಗಳು ಬಳಸುವ ದೊಡ್ಡ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದುಕೊಂಡಿದ್ದೆ. ಕಪ್ಪು ಪರದೆ, ಹಸಿರು ಅಕ್ಷರ. ಐಬಿಎಂ ಇದನ್ನು 1988ರಲ್ಲಿ ತಂದದ್ದು, ಹೆಸರು ಬದಲಾಯಿಸಿಕೊಂಡು ಇವತ್ತಿಗೂ ಓಡುತ್ತಿದೆ.

ಒಂದು ದಿನ ಸ್ಟಾಕ್ ನೋಡೋದಕ್ಕೆ ಹೊಸ ಸ್ಕ್ರೀನ್ ಮಾಡಿದೆ. ಐಟಂ ನಂಬರ್, ವಿವರ, ರ‍್ಯಾಕ್, ಉಳಿಕೆ, ರೇಟು ಎಲ್ಲ ಒಂದೇ ಸಾಲಿನಲ್ಲಿ. ನನ್ನ ಟೇಬಲ್ಲಿನಲ್ಲಿ ಚೆನ್ನಾಗೇ ಬಂತು. ಮಧ್ಯಾಹ್ನ ಸ್ಟೋರ್ಸಿನಿಂದ ಫೋನ್: "ಸಾರ್, ಆಪ್ಷನ್ ಒತ್ತಿದ ಕೂಡ್ಲೇ ಏನೋ ಎರರ್ ಕೊಟ್ಟು ಹೊರಗೆ ಬಂದ್ಬಿಡುತ್ತೆ."

ಹೋಗಿ ನೋಡಿದರೆ ಅವರ ಮಾನಿಟರ್ ನನ್ನದಕ್ಕಿಂತ ದೊಡ್ಡದು!

ಈ ಲೋಕದಲ್ಲಿ ಅಳತೆ ಎರಡೇ. 24 ಸಾಲು, 80 ಕಾಲಂ, ಅಂದರೆ 1,920 ಅಕ್ಷರ. ಇಲ್ಲವೇ 27 ಸಾಲು, 132 ಕಾಲಂ, 3,564 ಅಕ್ಷರ. 80 ಅನ್ನೋದು ಐಬಿಎಂನ 1928ರ ಪಂಚ್ ಕಾರ್ಡಿನಲ್ಲೇ ಇದ್ದ ಲೆಕ್ಕ, 132 ಹಳೇ ಲೈನ್ ಪ್ರಿಂಟರಿನ ಅಗಲ. ಮಾನಿಟರ್ ಎಷ್ಟು ಇಂಚು ಅನ್ನೋದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಪಿಸಿಯಲ್ಲಿರುವ ಎಮ್ಯುಲೇಟರ್ (ಹಳೇ ಟರ್ಮಿನಲ್, ಅಂದರೆ ಬರೀ ಪರದೆ-ಕೀಬೋರ್ಡಿನ ಹಾಗೆ ನಟಿಸುವ ಸಾಫ್ಟ್‌ವೇರ್) ಟೆಲ್ನೆಟ್ ಅನ್ನೋ ನೆಟ್‌ವರ್ಕ್ ದಾರಿಯಲ್ಲಿ ಸಿಸ್ಟಮ್ಮಿಗೆ ಸೇರುವಾಗ ತಾನು ಯಾವ ಹಳೇ ಟರ್ಮಿನಲ್ ಅಂತ ಒಂದು ಹೆಸರು ಹೇಳುತ್ತದೆ. 'ಐಬಿಎಂ-3477-ಎಫ್‌ಸಿ' ಅಂದರೆ ಬಣ್ಣವೂ ಇದೆ, ಅಗಲವೂ ಬರುತ್ತದೆ. 'ಐಬಿಎಂ-3179-2' ಅಂದರೆ ಬಣ್ಣ ಇದೆ, ಆದರೆ 80ಕ್ಕೆ ಮುಗೀತು. ಸ್ಟೋರ್ಸಿನ ಪಿಸಿಯಲ್ಲಿ ಯಾರೋ ಎರಡನೆಯದನ್ನು ಸೆಟ್ ಮಾಡಿದ್ದರು. ನಾನೋ, ಡಿಸ್‌ಪ್ಲೇ ಫೈಲಿನಲ್ಲಿ, ಅಂದರೆ ಸ್ಕ್ರೀನಿನ ವಿನ್ಯಾಸ ಬರೆದಿಡುವ ಫೈಲಿನಲ್ಲಿ, ಎರಡೂ ಅಳತೆ ಬರೆಯಬಹುದಾಗಿದ್ದರೂ ಸೋಮಾರಿತನಕ್ಕೆ 132 ಒಂದನ್ನೇ ಬರೆದಿದ್ದೆ. ಫೈಲ್ ತೆರೆಯುವಾಗಲೇ ಸಿಸ್ಟಮ್ ಆಗಲ್ಲ ಅಂದುಬಿಟ್ಟಿತು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ, ಆದರೆ ಕತ್ತಲಲ್ಲಿ ಹಾಸಿಗೆ ಎಷ್ಟುದ್ದ ಅಂತ ಗೊತ್ತಾಗಬೇಕಲ್ವಾ?

ಅದಕ್ಕೆ ಸಿಸ್ಟಮ್ಮಿನಲ್ಲೇ 'ಕ್ಯೂಎಸ್ಎನ್' ಅಂತ ಶುರುವಾಗುವ ಎಪಿಐಗಳಿವೆ, ಅಂದರೆ ನಮ್ಮ ಪ್ರೋಗ್ರಾಂನಿಂದ ಕರೆಯಬಹುದಾದ ಸಿದ್ಧ ಪ್ರೋಗ್ರಾಂಗಳು. ಅದರಲ್ಲೊಂದನ್ನು ಕರೆದು, ಸ್ಕ್ರೀನ್ ಎಷ್ಟು ಅಂತ ಕೇಳಿ, ಉತ್ತರ '4' ಬಂದರೆ ಅಗಲದ್ದು, '3' ಬಂದರೆ ಸಣ್ಣದು ತೋರಿಸು ಅಂತ ಬರೆದೆ. ಎರರ್ ಹೋಯಿತು. ಆದರೆ ಈಗ ಯಾರಿಗೂ ಅಗಲದ ಸ್ಕ್ರೀನ್ ಬರಲಿಲ್ಲ, ನನಗೂ!

ಅರ್ಧ ದಿನ ತಲೆ ಕೆರೆದುಕೊಂಡೆ. ನಾನು ಕರೆದ ಎಪಿಐ ಹೇಳುತ್ತಿದ್ದದ್ದು 'ಈಗ' ಯಾವ ಅಳತೆ ನಡೀತಿದೆ ಅಂತ. ಎಲ್ಲರೂ ಬರೋದು ಮೆನುವಿನಿಂದ, ನಮ್ಮ ಮೆನು 80 ಕಾಲಂನದು, ಹಾಗಾಗಿ ಎಲ್ಲರಿಗೂ '3'. ಕುಳಿತಿರುವವನನ್ನು ನೋಡಿ ಎತ್ತರ ಇಷ್ಟೇ ಅಂದ ಹಾಗಾಯಿತು. ಕೇಳಬೇಕಾಗಿದ್ದದ್ದು ಬೇರೆ, 'ನಿನಗೆ 4 ಬರುತ್ತಾ?' ಅಂತ. ಅದಕ್ಕೆ ಪ್ರತ್ಯೇಕ ಎಪಿಐ ಇದೆ, ಹೆಸರು ಕ್ಯೂಎಸ್ಎನ್‌ಕ್ಯೂಆರ್‌ವೈಎಂಓಡಿಎಸ್‌ಯುಪಿ. ಓದುವಾಗ ನಾಲಿಗೆ ಹೊರಳದಿದ್ದರೆ ನಿಮ್ಮ ತಪ್ಪಲ್ಲ, ಅಲ್ಲಿನ ಹೆಸರುಗಳೇ ಹಾಗೆ. ಬಂದರೆ '1', ಇಲ್ಲದಿದ್ದರೆ '0', ಅಷ್ಟೇ ಉತ್ತರ.

ಅದನ್ನು ಹಾಕಿದ ಮೇಲೆ ಸ್ಟೋರ್ಸಿನಲ್ಲಿ ಸಣ್ಣದು, ನನ್ನಲ್ಲಿ ಅಗಲದ್ದು ಸರಿಯಾಗಿ ಬಂತು. ಮಾರನೇ ದಿನ ಬೆಳಿಗ್ಗೆ ನೋಡಿದರೆ ರಾತ್ರಿ ಓಡುವ ಬ್ಯಾಚ್ ಜಾಬ್, ಅಂದರೆ ಯಾರೂ ಪರದೆ ಮುಂದೆ ಕೂರದೆ ತಾನೇ ಓಡುವ ಕೆಲಸ, ನಿಂತಿದೆ. ಅದರಲ್ಲೂ ಇದೇ ಪ್ರೋಗ್ರಾಂ ಓಡುತ್ತಿತ್ತು. ಬ್ಯಾಚ್ ಜಾಬಿಗೆ ಟರ್ಮಿನಲ್ಲೇ ಇರಲ್ಲ, ಇಲ್ಲದ ಪರದೆಯನ್ನು ಅಗಲ ಎಷ್ಟು ಅಂತ ಕೇಳಿದ್ದೆ. ಈಗ ಆರ್‌ಟಿವಿಜೆಓಬಿಎ ಕಮಾಂಡಿನಿಂದ ಜಾಬ್ ಯಾವ ತರಹದ್ದು ಅಂತ ಮೊದಲು ನೋಡಿಕೊಂಡು, '0' ಬಂದರೆ, ಅಂದರೆ ಬ್ಯಾಚ್ ಆದರೆ, ಪರದೆಯ ಸುದ್ದಿಗೇ ಹೋಗಲ್ಲ.