ಬಿಯರ್ 1.020ರಲ್ಲೇ ನಿಂತಿದೆ, ಬೆಲ್ಲ ಹಾಕಲೇ?

ಪ್ರಶ್ನೆ: ಡಿಸೆಂಬರ್‌ನಲ್ಲಿ 20 ಲೀಟರ್ ಬಿಯರ್ ಹಾಕಿದೆ. ಮೊದಲ ದಿನ ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ಮೀಟರ್) 1.050 ತೋರಿಸಿತ್ತು. ಆರನೇ ದಿನದಿಂದ 1.020 ಬಿಟ್ಟು ಕೆಳಗಿಳಿದಿಲ್ಲ, ಗುಳ್ಳೆಯೂ ನಿಂತಿದೆ. ಅರ್ಧ ಕೆಜಿ ಬೆಲ್ಲ ಹಾಕಿದರೆ ಸರಿಹೋಗುತ್ತದೆಯೇ?

ಹಾಕಬೇಡಿ. ಧನುರ್ಮಾಸದ ಚಳಿ ಬಂತೆಂದರೆ ಮೈಸೂರು, ಮಂಡ್ಯ ಎರಡೂ ಕಡೆಯಿಂದ ಇದೇ ಪ್ರಶ್ನೆ, ನನ್ನದೂ ಅದೇ ಉತ್ತರ. ಆಲೆಮನೆಗಳ ಸೀಮೆಯಲ್ಲಿ ಬೆಲ್ಲ ಮೊದಲು ನೆನಪಾಗುವುದು ಸಹಜ. ಆದರೆ ಯೀಸ್ಟ್ ನಿಂತಿರುವುದು ಸಿಹಿ ಸಾಲದೆ ಅಲ್ಲ. ಯೀಸ್ಟ್ ಸಕ್ಕರೆ ತಿಂದಂತೆ ಮೀಟರಿನ ಅಂಕಿ ಇಳಿಯುತ್ತದೆ; 1.020 ಎಂಬ ಅಂಕಿಯೇ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಸಕ್ಕರೆ ಇನ್ನೂ ಉಳಿದಿರಬಹುದು ಎನ್ನುತ್ತಿದೆ. ಎಲೆಯಲ್ಲಿ ಬಡಿಸಿದ್ದನ್ನೇ ಉಣ್ಣದವರಿಗೆ ಮತ್ತೆ ಬಡಿಸಿ ಏನು ಪ್ರಯೋಜನ?

ಈ ನಂಬಿಕೆ ಸಾಯದಿರಲು ಕಾರಣವಿದೆ. ಬೆಲ್ಲ ಬಿದ್ದರೆ ಗುಳ್ಳೆ ಮತ್ತೆ ಏಳುತ್ತದೆ. ಬೆಲ್ಲದ ಸಕ್ಕರೆಯನ್ನು ಯೀಸ್ಟ್ ಸುಲಭವಾಗಿ ಒಡೆದು ತಿನ್ನುತ್ತದೆ. ಅದು ಮುಗಿಯುವವರೆಗೆ ಮಾಲ್ಟಿನ ಸಕ್ಕರೆಗಳಾದ ಮಾಲ್ಟೋಸ್, ಮಾಲ್ಟೋಟ್ರಯೋಸ್‌ಗಳನ್ನು ಪಕ್ಕಕ್ಕಿಟ್ಟಿರುತ್ತದೆ. ಅರ್ಧ ಕೆಜಿ ಬೆಲ್ಲ ಅಂಕಿಯನ್ನು 1.028ರ ಆಸುಪಾಸಿಗೆ ಏರಿಸಿ, ಕೆಲವು ದಿನಗಳಲ್ಲಿ ಹೆಚ್ಚುಕಡಿಮೆ ಹಳೆಯ ಜಾಗಕ್ಕೇ ತಂದು ನಿಲ್ಲಿಸುತ್ತದೆ. ಮದ್ಯಸಾರ ಮಾತ್ರ ಸುಮಾರು ಶೇ 1 ಏರಿ, ಮೊದಲೇ ಸೋತ ಯೀಸ್ಟಿಗೆ ಇನ್ನೊಂದು ಹೊರೆ. ಗುಳ್ಳೆ ನೋಡಿ ಖುಷಿಪಟ್ಟವರು ಮೀಟರ್ ಮುಳುಗಿಸಿ ನೋಡುವುದಿಲ್ಲ.

ಮೊದಲು ಮೀಟರನ್ನೇ ಪರೀಕ್ಷಿಸಿ: 20 ಡಿಗ್ರಿಯ ಬರೀ ನೀರಿನಲ್ಲಿ 1.000 ತೋರಿಸಬೇಕು. ಮಾದರಿಯನ್ನು ಎರಡು ಲೋಟಗಳ ನಡುವೆ ಆರೇಳು ಸಲ ಸುರಿದು ಗ್ಯಾಸ್ ಕಳೆಯಿರಿ. ರಿಫ್ರಾಕ್ಟೋಮೀಟರ್ (ಬೆಳಕು ಬಾಗುವುದನ್ನು ನೋಡಿ ಸಕ್ಕರೆ ಅಳೆಯುವ ಸಾಧನ) ಆದರೆ, ಮದ್ಯಸಾರ ಸೇರಿದ ಮೇಲೆ ಅದರ ಅಂಕಿಯನ್ನು ಹಾಗೆಯೇ ನಂಬುವಂತಿಲ್ಲ.

ಅಂಕಿ ನಿಜವಾದರೆ ಮೊದಲ ಅನುಮಾನ ಚಳಿಯ ಮೇಲೆ. ಮನೆಯ ಬಿಯರಿಗೆ ಸಾಮಾನ್ಯವಾಗಿ ಬಳಸುವ ಏಲ್ ಯೀಸ್ಟಿಗೆ 18ರಿಂದ 22 ಡಿಗ್ರಿ ಬೇಕು. ರಾತ್ರಿ 16ಕ್ಕಿಳಿಯುವ ಕೋಣೆಯಲ್ಲಿ, ತಣ್ಣನೆಯ ನೆಲದ ಮೇಲಿಟ್ಟ ಪಾತ್ರೆಯಲ್ಲಿ ಅದು ತಳ ಹಿಡಿದು ಮಲಗುತ್ತದೆ. ಪಾತ್ರೆಯನ್ನು ಮಣೆಯ ಮೇಲಿಟ್ಟು, ಕಂಬಳಿ ಸುತ್ತಿ, ಒಂದು ದಿನದಲ್ಲಿ ನಿಧಾನವಾಗಿ 21ಕ್ಕೆ ತನ್ನಿ. ಮುಚ್ಚಳ ತೆಗೆಯದೆ ಮೆಲ್ಲಗೆ ಅಲುಗಾಡಿಸಿ ತಳದ ಯೀಸ್ಟ್ ಏಳಿಸಿ. ಸೌಟು ಹಾಕಿ ಕದಡಬೇಡಿ. ಗಾಳಿ ಸೇರಿದರೆ ಒದ್ದೆ ರಟ್ಟಿನ ರುಚಿ ಬರುತ್ತದೆ. ನಾಲ್ಕು ದಿನ ಕಾಯಿರಿ.

ಅಷ್ಟರಲ್ಲಿ 200 ಎಂಎಲ್ ತೆಗೆದು, ಅರ್ಧ ಚಮಚ ಒಣ ಯೀಸ್ಟ್ ಹಾಕಿ, ಸಡಿಲವಾಗಿ ಮುಚ್ಚಿ, 25 ಡಿಗ್ರಿಯಲ್ಲಿ ಎರಡು ದಿನ ಆಗಾಗ ಅಲುಗಿಸುತ್ತಿರಿ. ಅದು 1.012ಕ್ಕಿಳಿದರೆ ನಿಮ್ಮ ಬಿಯರೂ ಇಳಿಯಬಲ್ಲದು. ಬೆಚ್ಚಗಾದರೂ ಪಾತ್ರೆ ಕದಲದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ 1.035ರ ವರ್ಟ್‌ನಲ್ಲಿ (ಮಾಲ್ಟಿನ ಸಿಹಿ ರಸದಲ್ಲಿ) 11 ಗ್ರಾಂ ಹೊಸ ಯೀಸ್ಟ್ ಎಬ್ಬಿಸಿ, ನೊರೆ ಉಕ್ಕುತ್ತಿರುವಾಗಲೇ ಸುರಿಯಿರಿ. ಮಾದರಿಯೂ 1.020ರಲ್ಲೇ ನಿಂತರೆ ಮಾಲ್ಟ್ ನೆನೆಸಿದ ನೀರು 70 ಡಿಗ್ರಿ ದಾಟಿರಬಹುದು. ಆಗ ಉಳಿಯುವ ಡೆಕ್ಸ್‌ಟ್ರಿನ್ ಅನ್ನು, ಅಂದರೆ ಪೂರ್ತಿ ಒಡೆಯದ ಪಿಷ್ಟದ ತುಣುಕುಗಳನ್ನು, ಈ ಯೀಸ್ಟ್ ತಿನ್ನುವುದಿಲ್ಲ. ಮುಂದಿನ ಸಲ 66ರಲ್ಲಿ ನೆನೆಸಿ.

ನೀವು ಕೇಳಿಲ್ಲ, ಆದರೂ ಹೇಳಬೇಕು: ಉಳಿದ ಸಿಹಿಯಿಂದಲೇ ಗ್ಯಾಸ್ ಬರಲಿ ಎಂದು ಈಗಲೇ ಬಾಟಲಿಗೆ ತುಂಬಬೇಡಿ. 1.020ರಿಂದ 1.012ಕ್ಕೆ ಬಾಟಲಿಯೊಳಗೇ ಇಳಿದರೆ ಬಿಯರಿನ ಸುಮಾರು ನಾಲ್ಕು ಪಟ್ಟು ಗಾತ್ರದ ಗ್ಯಾಸ್ ಹೊಸದಾಗಿ ಸೇರುತ್ತದೆ. ಸಾಮಾನ್ಯ ಬಿಯರಿನಲ್ಲಿ ಒಟ್ಟು ಇರುವುದೇ ಎರಡೂವರೆ ಪಟ್ಟು. ಬಾಟಲಿ ಸಿಡಿದು ಗಾಜಿನ ಚೂರು ಕಣ್ಣಿಗೆ ಹೊಕ್ಕೀತು. ಎರಡು ದಿನದ ಅಂತರದ ಎರಡು ಅಳತೆಗಳು ಒಂದೇ ಇರಬೇಕು, ಪರೀಕ್ಷೆಯ ಮಾದರಿ ನಿಂತ ಅಂಕಿಗೂ ಹೊಂದಬೇಕು. ಆಮೇಲೆ ಬಾಟಲಿಗೆ ತುಂಬುವಾಗ ಗ್ಯಾಸ್‌ಗಾಗಿ ಲೀಟರಿಗೆ 6 ಗ್ರಾಂ ಸಕ್ಕರೆ ತೂಗಿ ಹಾಕಿ. ಅಲ್ಲೂ ಬೆಲ್ಲ ಬೇಡ, ಅಚ್ಚಿನಿಂದ ಅಚ್ಚಿಗೆ ಅದರ ತೇವ ಬೇರೆ.